ಏರ್ ಹಿಡಿಯೋ ಹೊತ್ತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳಲ್ಲಿ ಚಳಿಗೆ ಅಷ್ಟೇನೂ ಮರ್ಯಾದೆಯಿಲ್ಲ. ನಮ್ಮಲ್ಲಿ ಮರ್ಯಾದೆಯೆಲ್ಲ ಬಿಸಿಲಿಗೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿನ ಬಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಗಂಟೆಗಟ್ಟಲೆ ಮಾತಾಡಬಹುದು, ಪರವೂರಿನವರ ಮುಂದೆ ಜಂಬ ಕೊಚ್ಚಿಕೊಳ್ಳಲೂಬಹುದು. ಚಳಿಯೋ, ದೀಪಾವಳಿ ಕಳೆದ ಮೇಲೆ ಸದ್ದಿಲ್ಲದೆ ಬಂದು, ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದಿಷ್ಟು ಜೋರು ಮಾಡಿ, ಶಿವರಾತ್ರಿಗೆ ಶಿವಶಿವ ಅಂತ ಹೊರಟುಹೋಗುತ್ತದೆ. ಬೆಳಗಿನ ಜಾವ 14–15 ಡಿಗ್ರಿ ಇದ್ದರೆ ಅದೇ ಹೆಚ್ಚು. ಶಿಮ್ಲಾದವರಿಗೆ ಈ ಅಂಕಿ ಹೇಳಿದರೆ ಸ್ವೆಟರ್ ಬಿಚ್ಚಿಡುತ್ತಾರೆ. ನಾವು ಮಾತ್ರ ಮಂಕಿ ಟೋಪಿ, ಅದರ ಮೇಲೊಂದು ಮಫ್ಲರು, ಅದು ಜಾರದ ಹಾಗೆ ಮೇಲೊಂದು ಟವೆಲು ಸುತ್ತಿಕೊಂಡು, ಕಣ್ಣು ಮತ್ತು ಬೀಡಿಗೆ ಮಾತ್ರ ಜಾಗ ಬಿಟ್ಟು ಓಡಾಡುತ್ತೇವೆ. ಗುಡೇಕೋಟೆ ಕಡೆಯ ರಸ್ತೆಯಲ್ಲಿ ನಸುಕಿನಲ್ಲಿ ಕರಿ ಕಂಬಳಿ ಹೊದ್ದು ಕೂತವರು ಕಂಡರೆ ಡ್ರೈವರುಗಳು ಒಮ್ಮೆ ಹಾರ್ನ್ ಹೊಡೆದು ಖಾತ್ರಿ ಮಾಡಿಕೊಳ್ಳುತ್ತಾರೆ. ಅಲ್ಲಿ ಕರಡಿಧಾಮ ಇದೆ ನೋಡಿ. ಬೈದರೆ ಮನುಷ್ಯ.

ನಮ್ಮ ಮನೆ ಲಾರಿಗಳು ನಿಲ್ಲುವ ಬಯಲಿಗೆ ಆತುಕೊಂಡಿದೆ. ಹೀಗಾಗಿ ಬೆಳಗಿನ ಜಾವದ ಲಾರಿ ಶಾಸ್ತ್ರದಲ್ಲಿ ನನಗೆ ಸ್ವಲ್ಪ ಪಾಂಡಿತ್ಯವುಂಟು. ನಿದ್ದೆ ಕೆಟ್ಟವನಿಗೆ ಬೇರೆ ಏನು ದಕ್ಕದಿದ್ದರೂ ಪಾಂಡಿತ್ಯ ದಕ್ಕುತ್ತದೆ. ಮೆಕ್ಕೆಜೋಳದ ಸುಗ್ಗಿ ಇರಲಿ, ಶೇಂಗಾ ಇರಲಿ, ಕೂಡ್ಲಿಗಿ ಕಡೆಯ ಹುಣಸೆಹಣ್ಣಿರಲಿ, ಲೋಡು ಯಾವುದಾದರೂ ಹೊರಡುವ ಹೊತ್ತು ಬೆಳಗಿನ ಐದು. ಸೆಲ್ಫ್ ಹೊಡೆದ ಸದ್ದು, ಒಂದು ಕೆಮ್ಮು, ಬಿಳಿ ಹೊಗೆ, ಆಮೇಲೆ ಗುಡುಗುಡು. ಆ ಗುಡುಗುಡು ಹತ್ತು ನಿಮಿಷ, ಕಾಲು ಗಂಟೆ ನಡೆಯುತ್ತದೆ. ಯಾಕಪ್ಪ ಸುಮ್ಮನೆ ಡೀಸೆಲ್ ಸುಡ್ತೀರಿ ಎಂದು ಕಿಟಕಿಯಿಂದ ಕೇಳಿದರೆ ಉತ್ತರ ಸಿದ್ಧ: “ಗಾಡಿ ಬಿಸಿ ಆಗ್ಲಿ ತಡೀರಿ ಸಾರ್, ಚಳಿ ನೋಡ್ರಿ ಹೆಂಗೈತೆ.”

ಗಾಡಿ ಬಿಸಿಯಾಗುವ ಈ ಅವಧಿಯಲ್ಲಿ ಆಗುವ ಕೆಲಸಗಳನ್ನು ನೋಡಬೇಕು. ಕ್ಲೀನರ್ ಹುಡುಗ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತ ಬರುತ್ತಾನೆ. ಟಣ್ ಎಂದರೆ ಗಾಳಿ ಇದೆ, ದಬ್ ಎಂದರೆ ಇಲ್ಲ. ಡ್ರೈವರ್ ಮುಖ ತೊಳೆದು, ಡ್ಯಾಶ್‌ಬೋರ್ಡಿನ ಮೇಲಿನ ಕೊಟ್ಟೂರೇಶ್ವರನಿಗೂ ಪಕ್ಕದ ಮೈಲಾರಲಿಂಗನಿಗೂ ಅವರಿಬ್ಬರ ನಡುವೆ ನಗುತ್ತಿರುವ ರಾಜಕುಮಾರರಿಗೂ ಸೇರಿಸಿ ಒಂದೇ ಊದುಬತ್ತಿ ಬೆಳಗುತ್ತಾನೆ. ಚಳಿಗೆ ಹಡಗಲಿ ಮಲ್ಲಿಗೆಯ ಇಳುವರಿ ಇಳಿದು ರೇಟು ಏರಿರುತ್ತದೆ, ಆದ್ದರಿಂದ ಡಿಸೆಂಬರಿನಲ್ಲಿ ದೇವರಿಗೆ ಸೇವಂತಿಗೆ. ಮುಂದಿನ ಗಾಲಿಗೆ ನಿಂಬೆಹಣ್ಣು. ಆಮೇಲೆ ಟೀ. ಟೀ ಲೋಟವನ್ನು ಬಂಪರಿನ ಮೇಲೆ ಇಟ್ಟಿರುತ್ತಾರೆ. ಎಂಜಿನ್ನಿನ ನಡುಕಕ್ಕೆ ಅದರೊಳಗೆ ಸಣ್ಣ ಸಣ್ಣ ಉಂಗುರ ಏಳುತ್ತಿರುತ್ತವೆ. ಅಷ್ಟರಲ್ಲಿ ಲಾರಿಯ ಹೊಟ್ಟೆಯೊಳಗಿಂದ ‘ಟುಸ್ಸ್’ ಎಂದು ಒಂದು ಸದ್ದು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಡ್ರೈವರ್ ಉಳಿದ ಟೀ ಒಂದೇ ಗುಟುಕಿಗೆ ಮುಗಿಸುತ್ತಾನೆ, ಕ್ಲೀನರ್ ಹಿಂದಿನ ಗಾಲಿಗೆ ಕೊಟ್ಟ ಕಲ್ಲು ತೆಗೆಯುತ್ತಾನೆ, ಲಾರಿ ಹೊರಡುತ್ತದೆ.

ಅಸಲು ವಿಷಯ ಇರುವುದು ಆ ‘ಟುಸ್ಸ್’ನಲ್ಲಿ. ಎಂಜಿನ್ನಿಗೆ ಅಂಟಿಕೊಂಡ ಸಣ್ಣದೊಂದು ಕಂಪ್ರೆಸರು ಗಾಳಿಯನ್ನು ಒತ್ತಿ ಒತ್ತಿ ಚಾಸಿಗೆ ಕಟ್ಟಿದ ಟ್ಯಾಂಕುಗಳಿಗೆ ತುಂಬುತ್ತದೆ. ಲಾರಿಯ ಬ್ರೇಕು ನಡೆಯುವುದು ಈ ಗಾಳಿಯ ಮೇಲೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಯಾವುದೋ ಜಾಯಿಂಟಿನಿಂದ ಗಾಳಿ ಸೋರಿರುತ್ತದೆ. ಈಚಿನ ಲಾರಿಗಳಲ್ಲಿ ನಿಲ್ಲಿಸುವ ಬ್ರೇಕನ್ನು ಹಿಡಿದಿರುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ಗಾಳಿ ಮೀಟರಿನ ಮುಳ್ಳು ಐದಾರರ ಗೆರೆ ದಾಟುವ ತನಕ ಬಝರ್ ಕಿರುಚುತ್ತಿರುತ್ತದೆ, ಗಾಲಿ ಅಲ್ಲಾಡುವುದಿಲ್ಲ. ಟ್ಯಾಂಕು ತುಂಬಿ ಎಂಟರ ಹತ್ತಿರ ಬಂದಾಗ ಹೆಚ್ಚಿನ ಗಾಳಿಯನ್ನು ವಾಲ್ವು ಹೊರಗೆ ಬಿಡುತ್ತದೆ. ಅದೇ ನಮ್ಮ ‘ಟುಸ್ಸ್’. ಇದಕ್ಕೆ ಡ್ರೈವರುಗಳ ಮಾತಿನಲ್ಲಿ ‘ಏರ್ ಹಿಡಿಯೋದು’ ಅಂತಾರೆ. ಎಂದರೆ ನಮ್ಮ ಲಾರಿ ಬೆಳಗ್ಗೆ ಕಾಯುವುದು ಕಾವಿಗಲ್ಲ, ಗಾಳಿಗೆ. ಏಪ್ರಿಲಿನ ಬೆಳಗ್ಗೆಯೂ ಇಷ್ಟೇ ಹೊತ್ತು ಕಾಯುತ್ತದೆ. ಆಗ ಚಳಿಯ ನೆಪ ಸಿಗುವುದಿಲ್ಲವಾದ್ದರಿಂದ “ಏರ್ ಹಿಡೀಬೇಕಲ್ಲ ಸಾರ್” ಎಂದು ನಿಜ ಹೇಳಿಬಿಡುತ್ತಾರೆ.

ಚಳಿಯ ನೆಪ ಪೂರ್ತಿ ಸುಳ್ಳೆಂದು ಹೇಳಲಾರೆ. ಟರ್ಬೊ ಇರುವ ಎಂಜಿನ್ನಿಗೆ ಸ್ಟಾರ್ಟಾದ ಕೂಡಲೇ ಆಕ್ಸಿಲರೇಟರ್ ತುಳಿಯಬಾರದು, ಅದರ ಬೇರಿಂಗಿಗೆ ಎಣ್ಣೆ ಏರುವಷ್ಟು ಹೊತ್ತು ಬಿಡಬೇಕು. ಆದರೆ ಅದು ನಿಮಿಷದ ಮಾತು. ಈಗ ಹಾಕುವ 15ಡಬ್ಲ್ಯು-40 ಎಂಜಿನ್ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲೂ ಎಂಜಿನ್ ತಿರುಗಬೇಕು ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಹರಪನಹಳ್ಳಿಯ ಚಳಿ ಅದಕ್ಕೆ ಸೆಕೆ. ತೊಂದರೆ ಇರುವುದು ಗೇರ್‌ಬಾಕ್ಸಿನ 90 ನಂಬರ್ ಎಣ್ಣೆಗೆ, ಹಿಂದಿನ ಹೌಸಿಂಗಿನ 140 ನಂಬರಿಗೆ. ಅವು ದಪ್ಪ ಎಣ್ಣೆಗಳು. ಬೆಳಗ್ಗೆ ಮೊದಲನೇ ಗೇರಿನಿಂದ ಎರಡಕ್ಕೆ ಹಾಕುವಾಗ ಕೈಗೆ ಗೊತ್ತಾಗುತ್ತದೆ. ಹಳೇ ಡ್ರೈವರುಗಳು ಎರಡು ಸಲ ಕ್ಲಚ್ ತುಳಿದು, ನಡುವೆ ಒಂದು ಚೂರು ರೇಸ್ ಕೊಟ್ಟು, ಗೇರಿಗೆ ನೋವಾಗದ ಹಾಗೆ ಹಾಕುತ್ತಾರೆ. ತಮಾಷೆಯೆಂದರೆ, ನಿಂತಲ್ಲಿ ಎಂಜಿನ್ ಎಷ್ಟು ಹೊತ್ತು ಓಡಿಸಿದರೂ ಈ ಎರಡು ಎಣ್ಣೆಗಳಿಗೆ ಕಾವು ತಟ್ಟುವುದು ಅಷ್ಟಕ್ಕಷ್ಟೇ. ಹೌಸಿಂಗಿನ ಎಣ್ಣೆಗಂತೂ ಗಾಲಿ ಉರುಳಿದರೆ ಮಾತ್ರ. ಮೊದಲ ಎರಡು ಮೈಲಿ ಮೆತ್ತಗೆ ಹೊಡೆಯುವುದೇ ಅದಕ್ಕಿರುವ ದಾರಿ. ಇದನ್ನು ಲಾರಿಯವರು ಪುಸ್ತಕ ಓದದೆ ಬಲ್ಲರು. ಊರ ಹೊರಗಿನ ಹಳ್ಳ ದಾಟುವ ತನಕ ನಾಕನೇ ಗೇರಿಗೆ ಕೈ ಹಾಕುವುದಿಲ್ಲ.

ಈ ಪಾಂಡಿತ್ಯ ನನ್ನೊಳಗೆ ಬೆಚ್ಚಗೆ ಕೂತಿದ್ದಾಗ ಅಕ್ಕನ ಮಗ ಕೆನಡಾದಿಂದ ಫೋನ್ ಮಾಡಿದ. ಅವನಿರುವುದು ಕ್ಯಾಲ್ಗರಿಯಲ್ಲಿ. ಹಳೆಯ ಡಾಡ್ಜ್ ರ‍್ಯಾಮ್ ಪಿಕಪ್ ಇಟ್ಟಿದ್ದಾನೆ, ಒಳಗೆ ಕಮಿನ್ಸ್ ಡೀಸೆಲ್ ಎಂಜಿನ್ನು, ಆಟೊಮ್ಯಾಟಿಕ್ ಗೇರು. ಹೊರಗೆ ಮೈನಸ್ 30. “ರಾತ್ರಿ ಗಾಡಿಗೆ ಪ್ಲಗ್ ಹಾಕಿ ಮಲಗಿದ್ದೆ ಮಾಮ” ಎಂದ. ಎಂಜಿನ್ನಿನ ನೀರಿನೊಳಗೆ ಒಂದು ಹೀಟರ್ ಕಾಯಿಲ್ ಇರುತ್ತದಂತೆ, ಬಂಪರಿನಿಂದ ವೈರು ಇಳಿಬಿದ್ದಿರುತ್ತದಂತೆ, ಆಫೀಸಿನ ಪಾರ್ಕಿಂಗಿನಲ್ಲೂ ಕಂಬಕ್ಕೊಂದು ಪ್ಲಗ್ ಪಾಯಿಂಟು. ಗೇರಿನ ಎಣ್ಣೆ ತೊಟ್ಟಿಗೆ ಅಂಟಿಸುವ ಬಿಸಿಪಟ್ಟಿಯೂ ಸಿಗುತ್ತದೆ. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅವನ ಅಮ್ಮ ಮೊದಲು ಕೇಳಿದ್ದು, “ತ್ರೀ ಫೇಸ್ ಎಷ್ಟೊತ್ತಿಗೆ ಕೊಡ್ತಾರಪ್ಪ ಅಲ್ಲಿ?” ಬೋರ್‌ವೆಲ್ ಪಂಪು ಹಾಕಲು ರಾತ್ರಿ ಎರಡಕ್ಕೆ ಎದ್ದು ಹೊಲಕ್ಕೆ ಹೋದ ಮನೆತನ ನಮ್ಮದು, ಕರೆಂಟು ಎಂದ ಕೂಡಲೇ ಬರುವ ಪ್ರಶ್ನೆ ಅದು.

ಅವನು ಆಗ ಗಾಡಿ ಸ್ಟಾರ್ಟ್ ಮಾಡಿ ಒಳಗೇ ಕೂತಿದ್ದ. ಆಟೊಮ್ಯಾಟಿಕ್ಕಿನಲ್ಲಿ ‘ಪಿ’ ಎಂದು ಒಂದು ಮನೆ, ‘ಎನ್’ ಎಂದು ಇನ್ನೊಂದು ಮನೆ. ನಿಂತ ಗಾಡಿ ‘ಪಿ’ಯಲ್ಲಿ, ಅಂದರೆ ಪಾರ್ಕಿನಲ್ಲಿ ಇರಬೇಕು. ಇವನು ‘ಎನ್’ಗೆ, ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಕೂತಿದ್ದನಂತೆ. ಯಾಕೆಂದರೆ ಆ ಕಾಲದ ಆ ಗೇರ್‌ಬಾಕ್ಸಿನ ಒಳರಚನೆಯೇ ಹಾಗೆ: ಪಾರ್ಕಿನಲ್ಲಿ ಇರುವಾಗ ಟಾರ್ಕ್ ಕನ್ವರ್ಟರಿಗೂ ಕೂಲರಿಗೂ ಎಣ್ಣೆ ಹರಿಯುವುದಿಲ್ಲ, ನ್ಯೂಟ್ರಲ್ಲಿನಲ್ಲಿ ಹರಿಯುತ್ತದೆ. ಪಾರ್ಕಿನಲ್ಲಿಟ್ಟು ಅರ್ಧ ಗಂಟೆ ಓಡಿಸಿದರೆ ಎಂಜಿನ್ ಬಿಸಿಯಾಗುತ್ತದೆ, ಗೇರು ತಣ್ಣಗೇ ಇರುತ್ತದೆ. ಆಮೇಲೆ ಡ್ರೈವಿಗೆ ಹಾಕಿದರೆ ಗಾಡಿ ಒಂದು ಕ್ಷಣ ಯೋಚನೆ ಮಾಡಿ ಧಡ್ ಎಂದು ಹಾರುತ್ತದೆ.

ಆಟೊಮ್ಯಾಟಿಕ್ಕಿನಲ್ಲಿ ಎಣ್ಣೆ ಬರೀ ಜಾರಿಸುವ ಎಣ್ಣೆಯಲ್ಲ, ದುಡಿಯುವುದೂ ಅದೇ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ತಿರುಗಿಸಿ ಎಸೆಯುತ್ತವೆ, ಎದುರಿನ ರೆಕ್ಕೆಗಳು ಆ ಹೊಡೆತಕ್ಕೆ ತಿರುಗುತ್ತವೆ. ಗಾಲಿಗೆ ಹೋಗುವ ಶಕ್ತಿ ಎಣ್ಣೆಯ ಮೂಲಕವೇ ದಾಟಬೇಕು. ಒಳಗಿನ ಕ್ಲಚ್ಚುಗಳನ್ನು ಅದುಮುವುದೂ ಎಣ್ಣೆಯ ಒತ್ತಡ. ಎಣ್ಣೆ ಗಟ್ಟಿಯಾದರೆ ಯಾವುದೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ನಮ್ಮವ್ವ ಮಾಗಿ ಚಳಿಯಲ್ಲಿ ಮೊಸರು ಕಡೆಯುವಾಗ ಎಷ್ಟು ಹೊತ್ತು ಕಡೆದರೂ ಬೆಣ್ಣೆ ಬಾರದೆ ಕೊನೆಗೆ ಒಂದು ಚೊಂಬು ಬಿಸಿನೀರು ಹುಯ್ಯುತ್ತಿದ್ದಳಲ್ಲ, ಇದೂ ಅದೇ ಕಥೆ. ಕಡಗೋಲು ಸುಮ್ಮನೆ ತಿರುಗಿದರೆ ಕಾವು ಬರುವುದು ನಿಧಾನ. ಗೇರಿಗೆ ಹಾಕಿ ಬ್ರೇಕ್ ತುಳಿದಿಟ್ಟರೆ ಎದುರಿನ ರೆಕ್ಕೆ ನಿಂತು ಎಣ್ಣೆ ಅದರ ಮೇಲೆ ಬಡಿದು ಬೇಗ ಬಿಸಿಯಾಗುತ್ತದೆ. ಹೆಚ್ಚು ಹೊತ್ತು ಹಾಗೆ ಮಾಡಿದರೆ ಸುಡುತ್ತದೆ. ಅದಕ್ಕೇ ಬಲ್ಲವರು ಕೆಲವು ನಿಮಿಷ ಬಿಟ್ಟು, ಮೆತ್ತಗೆ ಹೊರಟು, ದಾರಿಯಲ್ಲೇ ಬಿಸಿ ಮಾಡಿಕೊಳ್ಳುತ್ತಾರೆ. ಹೊಸ ಗಾಡಿಗಳಲ್ಲಿ ಎಣ್ಣೆಗೆ ಕಾವೇರುವ ತನಕ ಕಂಪ್ಯೂಟರೇ ಮೇಲಿನ ಗೇರು ಕೊಡದೆ ತಡೆಹಿಡಿಯುತ್ತದೆ. ದೊಡ್ಡ ಟ್ರಕ್ಕುಗಳಿಗೆ ಆಟೊಮ್ಯಾಟಿಕ್ ಗೇರ್ ಮಾಡುವ ಆಲಿಸನ್ ಕಂಪನಿಯ ಕೈಪಿಡಿಯಲ್ಲಂತೂ ಎಣ್ಣೆಗೆ ಹೇಳಿದ ಮಿತಿಗಿಂತ ಚಳಿ ಹೆಚ್ಚಿದ್ದರೆ ಹೀಟರ್ ಇಡಿ, ಇಲ್ಲವೇ ನ್ಯೂಟ್ರಲ್ಲಿನಲ್ಲಿ ಕನಿಷ್ಠ 20 ನಿಮಿಷ ಓಡಿಸಿ, ಅಲ್ಲಿಯ ತನಕ ಗೇರು ಮುಟ್ಟಬೇಡಿ ಎಂದಿದೆ.

ಇದನ್ನೆಲ್ಲ ಪಕ್ಕದ ಬಯಲಿನ ಹಿರೇ ಡ್ರೈವರಿಗೆ ವಿವರಿಸಿದೆ. ಬೀಡಿ ಆರಿಸಿ ಶ್ರದ್ಧೆಯಿಂದ ಕೇಳಿದ. ಕೊನೆಗೆ, “ನ್ಯೂಟ್ರಲ್ಲಿನಾಗ ಬಿಟ್ಟು ಕೂತ್ರೆ ಗಾಲಿಗೆ ಕಲ್ಲು ಯಾರು ಕೊಡ್ತಾರ್ರೀ ಅಲ್ಲಿ?” ಎಂದ. ಅಲ್ಲಿ ಕ್ಲೀನರ್ ಇರುವುದಿಲ್ಲ ಎಂದೆ. ಪಾಪ ಎನ್ನುವ ಮುಖ ಮಾಡಿದ. ಚಳಿ ಮೈನಸ್ 30 ಎಂದಾಗಲೂ ಆ ಮುಖ ಮಾಡಿರಲಿಲ್ಲ.

ಅವನು ಚಳಿ ಕಾಣದವನಲ್ಲ. ಕಾಶ್ಮೀರದ ಸೇಬು ತರಲು ಹೋಗಿ ನವೆಂಬರಿನ ಕೊನೆಯಲ್ಲಿ ಕಾಜಿಗುಂಡ್ ಹತ್ತಿರ ರಸ್ತೆ ಬಂದಾಗಿ ಸಿಕ್ಕಿಬಿದ್ದಿದ್ದ. ಬೆಳಗ್ಗೆ ಎದ್ದು ನೋಡಿದರೆ ಸಾಲಾಗಿ ನಿಂತ ಲಾರಿಗಳ ಡೀಸೆಲ್ ಟ್ಯಾಂಕಿನ ಕೆಳಗೆ ಒಂದೊಂದು ಬೆಂಕಿ. ಪಂಜಾಬಿನವರು ಟೀ ಕುದಿಸುತ್ತಿದ್ದಾರೆಂದುಕೊಂಡು ಇವನು ಲೋಟ ಹಿಡಿದು ಹೋಗಿದ್ದನಂತೆ. ಅವರು ಕಾಯಿಸುತ್ತಿದ್ದದ್ದು ಡೀಸೆಲ್ಲು. ಡೀಸೆಲ್ಲಿನೊಳಗೆ ಮೇಣದ ಅಂಶವಿರುತ್ತದೆ, ಚಳಿಗೆ ಅದು ಬಿಳಿಯಾಗಿ ಕಟ್ಟಿ ಫಿಲ್ಟರಿನ ಬಾಯಿ ಮುಚ್ಚುತ್ತದೆ. ನಮ್ಮ ದೇಶದ ಮಾನಕದಲ್ಲಿ ಡೀಸೆಲ್ ಹರಿಯುವಿಕೆಗೆ ಬೇಸಿಗೆಯಲ್ಲಿ 15 ಡಿಗ್ರಿ, ಚಳಿಗಾಲದಲ್ಲಿ 3 ಡಿಗ್ರಿ ಎಂದು ಮಿತಿಯಿದೆ. ಲಡಾಖಿಗೆ ಅದು ಸಾಲದೆ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33ರಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಅದಕ್ಕೆ ಮುಂಚೆ ಸೀಮೆಎಣ್ಣೆ ಬೆರೆಸುವುದು, ಇಲ್ಲವೇ ಕೆಳಗೆ ಬೆಂಕಿ. ಡೀಸೆಲ್ ಟ್ಯಾಂಕಿನ ಬುಡಕ್ಕೆ ಕೊಳ್ಳಿ ಇಡುವ ಧೈರ್ಯ ಕೂಡ್ಲಿಗಿ ತಾಲ್ಲೂಕಿನವನಿಗೆ ಎಲ್ಲಿಂದ ಬರಬೇಕು? ಇವನು ಮಾರು ದೂರ ನಿಂತು ಕೈ ಕಾಯಿಸಿಕೊಂಡು ಬಂದ.

ಆಟೊಮ್ಯಾಟಿಕ್ ವಿಷಯದಲ್ಲಿ ಅವನಿಗೆ ನಿಜಕ್ಕೂ ಆಘಾತವಾದದ್ದು ಬೇರೆ ಮಾತಿಗೆ: ಅದನ್ನು ದಬ್ಬಿ ಸ್ಟಾರ್ಟ್ ಮಾಡಲಾಗದು. ಕ್ಲಚ್ಚು ಹಿಡಿಯಲು ಎಣ್ಣೆಯ ಒತ್ತಡ ಬೇಕು, ಒತ್ತಡಕ್ಕೆ ಪಂಪು ತಿರುಗಬೇಕು, ಪಂಪು ತಿರುಗಲು ಎಂಜಿನ್ ಓಡುತ್ತಿರಬೇಕು. ಇಡೀ ಊರು ಬಂದು ದಬ್ಬಿದರೂ ಅಷ್ಟೇ. ದಬ್ಬುವುದೆಂದರೆ ನಮ್ಮಲ್ಲಿ ಸಣ್ಣ ಸಂಗತಿಯೇ? ಬ್ಯಾಟರಿ ಡೌನಾದ ಜೀಪು ಕಂಡರೆ ಕಟ್ಟೆಯ ಮೇಲೆ ಕೂತವರೆಲ್ಲ ಪಕ್ಷ, ಜಾತಿ, ಹಳೇ ವ್ಯಾಜ್ಯ ಮರೆತು ಲುಂಗಿ ಎತ್ತಿ ಕಟ್ಟುತ್ತಾರೆ. “ಗೇರಿಗೆ ಹಾಕು, ಸೆಕೆಂಡಿಗೆ ಹಾಕು, ಈಗ ಬಿಡು!” ಎಂದು ಎಂಟು ಜನ ಎಂಟು ಥರ ಕೂಗುತ್ತಾರೆ. ಮಹೀಂದ್ರಾ ಜೀಪಿನವರು ಮುಂಚೆ ಕೀಲಿಯನ್ನು ಹೀಟರಿಗೆ ತಿರುಗಿಸಿ, ಡ್ಯಾಶ್‌ಬೋರ್ಡಿನ ಕಾಯಿಲ್ ಕೆಂಪಾಗುವುದನ್ನೇ ನೋಡುತ್ತ ಕೂರುತ್ತಿದ್ದರು. ಕೆಂಪಾದರೆ ಸ್ಟಾರ್ಟು, ಇಲ್ಲದಿದ್ದರೆ ದಬ್ಬು. ಊರ ಲಾರಿಗಳನ್ನು ರಾತ್ರಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದದ್ದೂ ಇದೇ ಮುಂದಾಲೋಚನೆಗೆ. ಹೊಸ ಬಡಾವಣೆ ಮಾಡಿ ಇಳಿಜಾರನ್ನೆಲ್ಲ ಸಮ ಮಾಡಿದವರಿಗೆ ಇದು ಗೊತ್ತಿರಲಿಲ್ಲ.

ದಬ್ಬುವುದಕ್ಕೂ ಹಿಂದಿನ ಕಾಲ ಒಂದಿತ್ತು. ನಮ್ಮ ಹಿರಿಯರು ಹೇಳುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸುಗಳ ಕಾಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಂದು ಉದ್ದನೆಯ ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿದರು. ಆಗ ಈ ಸೀಮೆ ಇನ್ನೂ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಬಸ್ಸು ಎಂಟಕ್ಕೆ ಹೊರಡಬೇಕಾದರೆ ಕ್ಲೀನರ್ ನಸುಕಿಗೆ ಎದ್ದು ಒಲೆ ಹಚ್ಚಿ, ಕೈಯಲ್ಲಿ ತಿದಿ ತಿರುಗಿಸುತ್ತ ಕೂರಬೇಕು. ಬಿಸಿ ಮಾಡುವುದೆಂದರೆ ಅದು. ಚಳಿಗಾಲದಲ್ಲಿ ಊರವರೆಲ್ಲ ಬಸ್ಸಿನ ಹಿಂದೆ ಕಾಯಿಸಿಕೊಳ್ಳಲು ಸೇರುತ್ತಿದ್ದರಂತೆ, ಹತ್ತುವವರು ಮಾತ್ರ ನಾಲ್ಕೇ ಜನ. ಏರು ಬಂದರೆ ಆ ನಾಲ್ವರೂ ಇಳಿಯಬೇಕು.

ಆಮೇಲೆ ಬಂದದ್ದು ಟಾಟಾ-ಬೆಂಜ್. 1954ರಿಂದ 1969ರ ತನಕ ಟಾಟಾ ಲಾರಿಯ ಮೂತಿಯ ಮೇಲೆ ಬೆಂಜಿನ ನಕ್ಷತ್ರವಿತ್ತು. ಈಗಲೂ ಅಜ್ಜಂದಿರು ಲಾರಿಗೆ ‘ಬೆಂಜ್ ಗಾಡಿ’ ಎನ್ನುತ್ತಾರೆ. ಈ ಲಾರಿಗಳ ಪೈಕಿ ಮೂತಿಯಿಲ್ಲದ ಚಪ್ಪಟೆ ಮುಖದವುಗಳ ಎಂಜಿನ್ನು ಕ್ಯಾಬಿನ್ನಿನ ಒಳಗೇ, ಡ್ರೈವರಿನ ಎಡ ಮಗ್ಗುಲಿಗೆ ಇರುತ್ತಿತ್ತು. ಅದರ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಗೋಣಿಚೀಲ, ಚೀಲದ ಮೇಲೆ ಮನುಷ್ಯ. ಇದಕ್ಕೆ ಬಾನೆಟ್ ಸೀಟು ಎಂದು ಹೆಸರು. ಇಂಥ ಹವಾಮಾನ ಯಂತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೇ ತಿಂಗಳಲ್ಲಿ ಆ ಸೀಟನ್ನು ಸಾಲ ಕೊಡಬೇಕಾದವನಿಗೂ ಕೊಡುತ್ತಿರಲಿಲ್ಲ. ಡಿಸೆಂಬರಿನಲ್ಲಿ ಅದಕ್ಕೆ ಜಗಳ. ಹಡಗಲಿಯಿಂದ ನಸುಕಿನಲ್ಲಿ ಹೊರಟರೆ ಹಗರಿಬೊಮ್ಮನಹಳ್ಳಿ ಬರುವ ಹೊತ್ತಿಗೆ ಬಾನೆಟ್ ಮೇಲೆ ಕೂತವನು ಕೆಳಗಿನಿಂದ ಹದವಾಗಿ ಬೆಂದು ನಿದ್ದೆ ಹೋಗಿರುತ್ತಿದ್ದ. ಕಿಟಕಿ ಪಕ್ಕದ ಸಾಹುಕಾರನಿಗೆ ಗಾಜಿನ ಸಂದಿಯಿಂದ ಬರುವ ಗಾಳಿಗೆ ಹಲ್ಲು ಕಟಕಟ. ಬಾಡಿಗೆ ಕೊಡದವನೇ ಬೆಚ್ಚಗೆ ಕೂರುವ ವಾಹನ ಅದೊಂದೇ. ಈಗ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಒಳ್ಳೆಯದೇ, ಡ್ರೈವರುಗಳು ಬೆಂದದ್ದು ಸಾಕು. ಆದರೂ ಬಾನೆಟ್ಟಿನ ಕಾವು ಎಸಿಯವನ ಕೈಲಿ ಆಗದು.

ಆಟೊಮ್ಯಾಟಿಕ್ ಗೇರು ನಮ್ಮ ಕಡೆಗೆ ಹೊಸದೆಂದು ತಿಳಿಯಬೇಡಿ. ಸಂಡೂರಿನ ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ ಶುರುವಾದದ್ದು 1977ರಲ್ಲಿ. ಅಂಥ ಗಣಿಗಳ ಐವತ್ತು, ನೂರು ಟನ್ ಹೊರುವ ಡಂಪರುಗಳಿಗೆ ಟಾರ್ಕ್ ಕನ್ವರ್ಟರ್ ಗೇರೇ. ನಮ್ಮ ಬಿಇಎಂಎಲ್ ಮೈಸೂರಿನಲ್ಲಿ ಮಾಡುವ ಡಂಪರುಗಳೂ ಹಾಗೇ. ಅಷ್ಟು ಭಾರ ಹೊತ್ತು ಗುಡ್ಡ ಹತ್ತುವಾಗ ಕ್ಲಚ್ ತುಳಿಯುತ್ತ ಕೂತರೆ ಕ್ಲಚ್ಚೂ ಉಳಿಯದು, ಕಾಲೂ ಉಳಿಯದು. ಇನ್ನು ಊರೂರಿನಲ್ಲಿ ಕೆರೆ ಹೂಳು ಎತ್ತುವ ಜೆಸಿಬಿ ಇದೆಯಲ್ಲ, ಅದರ ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರೇ. ಜೆಸಿಬಿ ಹುಡುಗರು ಬೆಳಗ್ಗೆ ಕೆಲಸಕ್ಕೆ ಮುಂಚೆ ಬಕೆಟ್ಟನ್ನು ನಾಲ್ಕು ಸಲ ಎತ್ತಿ ಇಳಿಸುತ್ತಾರೆ, ಹೈಡ್ರಾಲಿಕ್ ಎಣ್ಣೆ ಸಡಿಲಾಗಲಿ ಎಂದು. ನೋಡುವವರು ಸೂರ್ಯನಿಗೆ ನಮಸ್ಕಾರ ಎಂದು ನಗುತ್ತಾರೆ. ಕೆರೆಕಟ್ಟೆಯ ಮೇಲೆ ಅದನ್ನು ನೋಡಲು ಎಷ್ಟು ಜನ ಕೂರುತ್ತಾರೆಂದರೆ, ಜೆಸಿಬಿ ಬಿಸಿಯಾಗುವುದರೊಳಗೆ ಶೇಂಗಾದವನ ಬುಟ್ಟಿ ಅರ್ಧ ಖಾಲಿ.

ಗಣಿ ಎಂದಾಗ ನೆನಪಾಗುವುದು ಅದಿರಿನ ಕಾಲ. 2000ದ ಈಚೆಗೆ ಹೊಸಪೇಟೆ, ಸಂಡೂರು ಕಡೆಯಿಂದ ಬಂದರುಗಳತ್ತ ಲಾರಿಗಳು ಹಗಲುರಾತ್ರಿ ಹರಿದವು. ಆ ವರ್ಷಗಳಲ್ಲಿ ಯಾವ ಎಂಜಿನ್ನೂ ತಣ್ಣಗಾಗಲಿಲ್ಲ, ಬಿಸಿ ಮಾಡುವ ಮಾತೇ ಇರಲಿಲ್ಲ; ಒಬ್ಬ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ. ಹೊಲ ಮಾರಿ ಲಾರಿ ತಂದರು, ಎಮ್ಮೆ ಮಾರಿ ಡೌನ್ ಪೇಮೆಂಟ್ ಕಟ್ಟಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ, ಗುಡ್ಡಗಳನ್ನು ನೋಡಿದವರು ಬೇರೆ ಹೇಳಲಾರರು. ಆದರೆ ಕಂತು ನಿಲ್ಲಲಿಲ್ಲ. ಸಾಲುಸಾಲು ಲಾರಿಗಳು ಕೆಂಪು ಧೂಳು ಮೆತ್ತಿಕೊಂಡು ಬಯಲಿನಲ್ಲಿ ನಿಂತವು. ಟೈರಿನ ಗಾಳಿ ಇಳಿದು ರಿಮ್ಮು ನೆಲ ಮುಟ್ಟಿತು, ಬ್ಯಾಟರಿಗಳು ರಾತ್ರೋರಾತ್ರಿ ಕಾಣೆಯಾದವು, ಬಾಡಿಯೊಳಗೆ ಎಕ್ಕೆಗಿಡ ಬೆಳೆಯಿತು. ನಮ್ಮ ಪಕ್ಕದ ಬಯಲಿನಲ್ಲಿ ಒಬ್ಬ ಡ್ರೈವರು ಮಾತ್ರ ವಾರಕ್ಕೊಮ್ಮೆ ಬಂದು, ತನ್ನದಲ್ಲದ ಲಾರಿಯನ್ನು ಸ್ಟಾರ್ಟ್ ಮಾಡಿ, ಏರ್ ಹಿಡಿಯುವ ತನಕ ಕೂತು, ಬಂದ್ ಮಾಡಿ ಹೋಗುತ್ತಿದ್ದ. ಡೀಸೆಲ್ಲು ಅವನ ಜೇಬಿನದು. ಯಾಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ. 2013ರ ಏಪ್ರಿಲಿನಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಾಗ ಆ ಬಯಲಿನಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟಾದ ಲಾರಿ ಅದೊಂದೇ.

ಹರಪನಹಳ್ಳಿಯವರನ್ನು ಕೇಳಿದರೆ ಆಟೊಮ್ಯಾಟಿಕ್ ಗೇರಿನ ನಿಜವಾದ ಅನುಭವ ತಮ್ಮದೇ ಎಂದಾರು. ಊರು ಇದ್ದಲ್ಲೇ ಇದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಯಾರೂ ಕ್ಲಚ್ ತುಳಿಯಲಿಲ್ಲ. ಲಾರಿಯ ಬಾಗಿಲ ಮೇಲೆ ಮಾಲೀಕರ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಸುವ ಪದ್ಧತಿ ನಮ್ಮಲ್ಲಿದೆ. ದಾವಣಗೆರೆಯ ಕೆಎ 17 ನಂಬರಿನ ಲಾರಿಯ ಮೇಲೆ ‘ಬಳ್ಳಾರಿ ಜಿಲ್ಲೆ’ ಬರೆಸಿ, ಬಣ್ಣ ಒಣಗುವುದರೊಳಗೆ ಅಳಿಸಿ ‘ವಿಜಯನಗರ’ ಬರೆಸಿದವರುಂಟು. ನಗೆಯ ಬೀಚಿ 1913ರಲ್ಲಿ ಹುಟ್ಟಿದ್ದು ಇದೇ ಹರಪನಹಳ್ಳಿಯಲ್ಲಿ. ಅವರ ಕಾಲದಲ್ಲಿ ಊರು ಇಷ್ಟು ಓಡಾಡುತ್ತಿರಲಿಲ್ಲ, ಇಲ್ಲದಿದ್ದರೆ ಅವರ ಬರಹದ ತಿಂಮನಿಗೆ ಇನ್ನೊಂದಿಷ್ಟು ಕೆಲಸ ಸಿಗುತ್ತಿತ್ತು.

ಮೈಲಾರದ ಕಾರಣಿಕದ ದಿನ ಗೊರವಯ್ಯ ಬಿಲ್ಲೇರಿ ವರ್ಷದ ಭವಿಷ್ಯವೆಂದು ಒಂದು ಸಾಲು ನುಡಿಯುತ್ತಾನೆ. ರೈತರು ಅದರಲ್ಲಿ ಮಳೆ ನೋಡುತ್ತಾರೆ, ಪಕ್ಷದವರು ಸರ್ಕಾರ ನೋಡುತ್ತಾರೆ, ಲಾರಿ ಮಾಲೀಕರು ಡೀಸೆಲ್ ರೇಟು ನೋಡುತ್ತಾರೆ. ಮೇಲೇರುತ್ತದೆ ಎಂಬ ಅರ್ಥ ಯಾವ ವರ್ಷ ಮಾಡಿದರೂ ತಪ್ಪಿಲ್ಲ.

ಈ ರೇಟಿನ ಬಿಸಿ ತಟ್ಟಿಯೇ ನಮ್ಮ ಓಣಿಯ ಸಾಹುಕಾರರೊಬ್ಬರು ಹೋದ ವರ್ಷ ಹೊಸ ಲಾರಿ ತಂದದ್ದು. ಕ್ಲಚ್ ಪೆಡಲ್ಲೇ ಇಲ್ಲ, ಗೇರು ತಾನೇ ಬೀಳುತ್ತದೆ. ಕನ್ವರ್ಟರಿನ ಜಾತಿಯಲ್ಲ, ಒಳಗೆ ಮಾಮೂಲಿ ಗೇರು, ಮಾಮೂಲಿ ಕ್ಲಚ್ಚು, ಅವನ್ನು ತಳ್ಳಲು ಮಾತ್ರ ಕಂಪ್ಯೂಟರಿನ ಮಾತು ಕೇಳುವ ಏರ್ ಸಿಲಿಂಡರು. ಹಡಗಲಿ ಕಡೆಯ ಡ್ರೈವರು ಮೊದಮೊದಲು ಇಲ್ಲದ ಕ್ಲಚ್ಚಿಗೆ ಕಾಲು ತುಳಿದು ತುಳಿದು ಕಾಲಡಿಯ ಮ್ಯಾಟಿಗೆ ತೂತು ಮಾಡಿದ. ಸಾಹುಕಾರರು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಸಿಕೊಂಡರು. ಲಾರಿ ಎಲ್ಲಿದೆ, ಎಷ್ಟು ಸ್ಪೀಡು, ನಿಂತಲ್ಲಿ ಎಷ್ಟು ಹೊತ್ತು ಎಂಜಿನ್ ಓಡಿತು, ಎಲ್ಲ ಅದರಲ್ಲಿ ಬರುತ್ತದೆ. ಸುಮ್ಮನೆ ಓಡುವ ಲಾರಿ ಗಂಟೆಗೆ ಎರಡು ಲೀಟರಿನ ಆಸುಪಾಸು ಕುಡಿಯುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಅಲ್ಲಿಂದ ಬೆಳಗ್ಗೆ ಐದಕ್ಕೆ ಲಾರಿ ಸ್ಟಾರ್ಟಾಗಿ ಹತ್ತು ನಿಮಿಷ ಕಳೆದದ್ದೇ, ಹಾಸಿಗೆಯಲ್ಲಿದ್ದ ಸಾಹುಕಾರರ ಮೊಬೈಲು ಕುಂಯ್ ಎನ್ನುತ್ತಿತ್ತು, ಅವರು ಡ್ರೈವರಿಗೆ ಫೋನ್ ಹಚ್ಚುತ್ತಿದ್ದರು.

“ಏನ್ ಮಾಡಾಕತ್ತೀಯಲೇ?”

“ಏರ್ ಹಿಡಿಯಾಕತ್ತೈತ್ರೀ ಸಾವ್ಕಾರ್ರೆ.”

“ಆಟೊಮ್ಯಾಟಿಕ್ ಅಲ್ಲೇನಲೇ ಅದು? ತಾನೇ ಹಿಡೀಬೇಕಪ್ಪ!”

“ತಾನೇ ಹಿಡಿಯಾಕತ್ತೈತ್ರೀ. ಏರ್ ಇಲ್ಲಾಂದ್ರ ಬ್ರೇಕು ಬಿಡಂಗಿಲ್ಲ, ಇದ್ರಾಗ ಗೇರೂ ಬೀಳಂಗಿಲ್ಲ. ಬಂದು ನೋಡ್ರಿ ಬೇಕಾರ.”

ಸಾಹುಕಾರರು ನಿಜವಾಗಿಯೂ ಬಂದು ನೋಡಿದರು. ಮಂಕಿ ಟೋಪಿ, ಶಾಲು, ಕೈಯಲ್ಲಿ ಟಾರ್ಚು. ಡ್ರೈವರ್ ಹೇಳಿದ್ದು ಸರಿಯಾಗಿತ್ತು. ಮುಳ್ಳು ಏರುವ ತನಕ ಗೇರು ಜಪ್ಪಯ್ಯ ಅನ್ನಲಿಲ್ಲ. ನಿಂತವರಿಗೆ ಟೀ ಕೊಟ್ಟರು. ಮರುದಿನವೂ ಬಂದರು, ಲೆಕ್ಕ ನೋಡುವ ನೆಪದಲ್ಲಿ. ಏಳಕ್ಕೆ ಏಳುತ್ತಿದ್ದ ಮನುಷ್ಯ ಈಗ ಡ್ರೈವರಿಗಿಂತ ಮುಂಚೆ ಬಂದು ನಿಂತಿರುತ್ತಾರೆ. ಮೆಕ್ಕೆಜೋಳದ ರೇಟು, ಕೊಟ್ಟೂರು ತೇರಿಗೆ ಹೋದ ವರ್ಷ ಬಂದಿದ್ದ ಜನ, ಮಗಳ ಮದುವೆ, ಡ್ರೈವರ ಮಗನ ಪಿಯುಸಿ ಎಲ್ಲ ಅಲ್ಲೇ ಮಾತಾಗುತ್ತದೆ. ‘ಟುಸ್ಸ್’ ಎಂದು ವಾಲ್ವು ಮೂರು ಸಲ ಕೂಗಿದರೂ ಇಬ್ಬರಿಗೂ ಕೇಳಿಸುವುದಿಲ್ಲ. ಆ್ಯಪಿನವರು ತಿಂಗಳ ಕೊನೆಗೆ ಕಳಿಸಿದ ಪಟ್ಟಿಯಲ್ಲಿ ಐದು ತಾಲ್ಲೂಕಿನ ಗಾಡಿಗಳ ಪೈಕಿ ನಿಂತಲ್ಲಿ ಹೆಚ್ಚು ಡೀಸೆಲ್ ಕುಡಿದದ್ದು ಇವರ ಗಾಡಿಯೇ ಎಂದಿತ್ತಂತೆ. ಸಾಹುಕಾರರು ಅದನ್ನು ನನಗೆ ತೋರಿಸಿ, “ಚಳಿ ನೋಡ್ರಿ, ಗಾಡಿ ಬಿಸಿ ಆಗ್ಬೇಕಲ್ಲ” ಎಂದರು.